ಹೊಸ ಮ್ಯಾಟಿನ ಕೆಳಗೆ

ಅಫಜಲಪುರದಲ್ಲಿ ನನ್ನದೊಂದು ಸೀರೆ ಅಂಗಡಿ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವಾಗ ದೋಷವಿದ್ದ ಕಡೆಯನ್ನು ಮಡಿಕೆಯೊಳಗೆ ಸೇರಿಸಿಬಿಡುವ ವಿದ್ಯೆ ಈ ವ್ಯಾಪಾರದಲ್ಲಿ ಎಲ್ಲರಿಗೂ ಬರುತ್ತದೆ. ನಾನು ಹಾಗೆ ಮಾಡುವುದಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ನನ್ನ ತಂಗಿ ಶಿಕ್ಷಕಿ. ಎರಡು ವರ್ಷದ ಹಿಂದೆ ಮಾಳಿಗೆ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಮುಟ್ಟಿದರೂ ಚುಚ್ಚಿದರೂ ಗೊತ್ತಾಗುವುದಿಲ್ಲ. ಅಂದಿನಿಂದ ಗಾಲಿಕುರ್ಚಿಯಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಈ ಬೇಸಿಗೆಯಲ್ಲಿ ಚೌಡಾಪುರದ ಅವಳ ಹಳೆಯ ಶಾಲೆಯವರು, ರಜೆ ಮುಗಿದೊಡನೆ ಬರುವುದಾದರೆ ಬನ್ನಿ, ಕೆಳಗಿನ ಕೋಣೆಯಲ್ಲೇ ನಿಮ್ಮ ತರಗತಿ ಇಡುತ್ತೇವೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಬಸ್ಸು ಹತ್ತುವುದು ಅವಳಿಂದ ಆಗದ ಮಾತು. ಕಾರಿದ್ದರೆ ದಿನಾ ನಾನೇ ಬಿಟ್ಟು ಬರಬಹುದು. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ, ಹಳೆಯದನ್ನು ಹುಡುಕಲು ಹೊರಟೆ.

ಆಳಂದದಲ್ಲಿ ನೋಡಿದ ಕಾರಿಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಅಂಗಡಿಯಲ್ಲಿ ಬಿದ್ದ ಟಾಚಣಿ, ಸೂಜಿ ಎತ್ತುವ ಅಯಸ್ಕಾಂತವನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಬಾಗಿಲ ಕೆಳಗೆ ಹಚ್ಚಿದರೆ ಹಿಡಿಯಲಿಲ್ಲ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿದ್ದರು. ಜೇವರ್ಗಿಯವನು ಕಾರಿನೊಳಗೆ ಊದಿನಕಡ್ಡಿ ಹಚ್ಚಿಟ್ಟಿದ್ದ. ಯಾವ ವಾಸನೆ ಮುಚ್ಚಲು ಎಂದು ಕೇಳದೆ ವಾಪಸು ಬಂದೆ. ಕೊಳಕೂರಿನವರಂತೂ ಕಾರು ತೋರಿಸುವ ಮೊದಲು ರೊಟ್ಟಿ, ಎಣ್ಣೆಗಾಯಿ ಮಾಡಿ ಊಟಕ್ಕೆ ಕೂಡಿಸಿದರು. ಒಬ್ಬರ ಮನೆಯ ಅನ್ನ ಉಂಡು ಅವರ ವಸ್ತುವಿಗೆ ಹೆಸರಿಡಲು ಬಾಯಿ ಬರುವುದಿಲ್ಲ, ಅದು ಅವರಿಗೂ ಗೊತ್ತು. ನಾನು ನೀರು ಮಾತ್ರ ಕುಡಿದು ಎದ್ದೆ.

ಪ್ರತಿ ಸಲ ಮನೆಗೆ ಬಂದು, ಹೇಗೆ ಮೋಸ ಹಿಡಿದೆ ಎಂದು ತಂಗಿಗೆ ವಿಸ್ತಾರವಾಗಿ ಹೇಳುತ್ತಿದ್ದೆ. ಮೊದಮೊದಲು ನಗುತ್ತಿದ್ದಳು. ಆಮೇಲೆ ಸುಮ್ಮನೆ ಕೇಳತೊಡಗಿದಳು.

ಮಣ್ಣೂರಿನ ಕಾರನ್ನು ಹುಡುಕಿದ್ದು ಅವಳೇ, ಫೋನಿನಲ್ಲಿ. ತಾನೂ ಬರುತ್ತೇನೆಂದು ಹಟ ಹಿಡಿದಳು. ಪಕ್ಕದ ಮನೆಯವರ ಜೀಪಿನಲ್ಲಿ ಎತ್ತಿ ಕೂಡಿಸಿ ಕರೆದೊಯ್ದೆ. ಮಾಲೀಕ ಕಬ್ಬು ಬೆಳೆಯುವ ರೈತ, ಮೆತ್ತನೆಯ ಮಾತಿನವನು. ಕಾರಿಗೆ ಎಷ್ಟು ವರ್ಷ ಆಗಿದ್ದರೂ ಸೀಟು ಮಾತ್ರ ಗಾಲಿಕುರ್ಚಿಯ ಎತ್ತರಕ್ಕೆ ಸರಿಯಾಗಿತ್ತು. ತಂಗಿ ಕೈಯೂರಿ, ಯಾರ ಆಸರೆಯೂ ಇಲ್ಲದೆ ಮುಂದಿನ ಸೀಟಿಗೆ ಜರುಗಿ ಕೂತಳು. ನಾನು ಅವಳ ಮುಖ ನೋಡಿದೆ. ಆಸೆಪಟ್ಟ ಗಿರಾಕಿಯ ಮುಖ ನನಗೆ ಚೆನ್ನಾಗಿ ಗೊತ್ತು, ಅದರ ಮೇಲೇ ನನ್ನ ಹೊಟ್ಟೆ ನಡೆಯುವುದು.

ಹಳೆಯ ಕಾರಿನಲ್ಲಿ ಅವಳ ಕಾಲ ಕೆಳಗಿನ ಮ್ಯಾಟೊಂದೇ ಹೊಚ್ಚ ಹೊಸದು. ಮಾಲೀಕ ಬೇಡ ಬೇಡ ಅನ್ನುವಷ್ಟರಲ್ಲಿ ಅವಳ ಕಾಲು ಸರಿಸಿ ಎತ್ತಿದೆ. ಕೆಳಗೊಂದು ಸಡಿಲ ಹಲಗೆ. ಹಲಗೆ ತೆಗೆದರೆ ಅಂಗೈ ಅಗಲದ ತೂತು, ಸುತ್ತ ಹಪ್ಪಳದ ಹಾಗೆ ಏಳುತ್ತಿದ್ದ ತುಕ್ಕು. ಅದರೊಳಗಿಂದ ನೆಲ ಕಾಣುತ್ತಿತ್ತು. ಅವಳ ಪಾದ ಅದರಲ್ಲಿ ಇಳಿದು ರಸ್ತೆಗೆ ಉಜ್ಜಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

"ಇದನ್ನ ಮುಚ್ಚಿಟ್ಟು ಮಾರಾಕತ್ತೀರೇನ್ರಿ?" ಎಂದೆ.

ಅವನು ಒಮ್ಮೆ ತಂಗಿಯ ಕಡೆ ನೋಡಿ ನನಗೆ ಹೇಳಿದ. "ಅಮಾಸಿಗೊಮ್ಮೆ ನಮ್ಮಪ್ಪ ಎತ್ತು ಇಳಿಸಿದಂಗ ಇದನ್ನೂ ಹೊಳ್ಯಾಗ ಇಳಿಸಿ ಮೈ ತೊಳಿತಿದ್ದರಿ, ಅಕ್ಕಾರ. ಹಿಂಗಾಗಿ ತಳ ತಿಂದದ. ನಾ ಮುಚ್ಚಿಟ್ಟಿಲ್ಲರಿ. ಫೋನಿನ್ಯಾಗ ಇವರಿಗೆ ಮೊದಲ ಹೇಳೀನಿ. ಮ್ಯಾಟ್ ಹಾಕಂತ ಇವರೇ ಅಂದ್ರು."

ನಾನು ತಂಗಿಯತ್ತ ತಿರುಗಿದೆ. ಅವಳು ತಲೆ ತಗ್ಗಿಸಲಿಲ್ಲ.

"ಗೊತ್ತಾದ್ರ ನೀ ಬ್ಯಾಡ ಅಂತಿದ್ದಿ," ಎಂದಳು. "ಆಳಂದದ್ದು ಬ್ಯಾಡ, ಜೇವರ್ಗಿದು ಬ್ಯಾಡ. ಬ್ಯಾಡ ಅನ್ನಾಕಾದ್ರೂ ನೀ ಊರೂರು ತಿರುಗಿ ಬರ್ತಿ ಅಕ್ಕ. ನಾ ಮನ್ಯಾಗ ಕುಂತು ಕೇಳ್ತೇನಿ."

ಮಾಲೀಕ ಚಹಾದ ನೆಪ ಹೇಳಿ ಒಳಗೆ ಹೋದ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಊರ ಮಂದಿಯನ್ನೆಲ್ಲ ಅನುಮಾನಿಸಿದವಳು ಮನೆಯೊಳಗಿನ ಇವಳೊಬ್ಬಳನ್ನು ಬಿಟ್ಟಿದ್ದೆ. ಆದರೂ ಆ ತೂತು ತೂತೇ. ಯಾರು ಮುಚ್ಚಿದರೇನು, ಅವಳ ಕಾಲು ಹೋಗುವುದು ಅದರೊಳಗೇ.

ಚಹಾ ಬಂದಾಗ ಕುಡಿದೆ. ತಳ ಕತ್ತರಿಸಿ ಹೊಸ ಕಬ್ಬಿಣದ ಪತ್ರಾ ಬೆಸೆಯಿಸಿ ಕೊಟ್ಟರೆ ಮಾತ್ರ ಕಾರು ನಮ್ಮದು, ಬೆಸೆಯುವಾಗ ನಾನು ಎದುರಿಗೇ ನಿಂತಿರುತ್ತೇನೆ ಎಂದೆ. ಅವನು ಒಪ್ಪಿದ. ಮರುವಾರ ಅಫಜಲಪುರದ ಗ್ಯಾರೇಜಿನಲ್ಲಿ ನಿಂತು, ಕೆಲಸದವರಿಗೆ ಸಾಕುಸಾಕಾಗುವ ಹಾಗೆ, ಬೆಸುಗೆಯ ಅಂಚನ್ನೆಲ್ಲ ಸ್ಪ್ಯಾನರಿನಿಂದ ಬಡಿದು ನೋಡಿದೆ.

ಆಮೇಲೆ ತಂಗಿ ಬಂದು ಕಾರಿನಲ್ಲಿ ಕೂತಳು. ಅವಳ ಎರಡೂ ಪಾದಗಳನ್ನು ನಾನೇ ಎತ್ತಿ ಹೊಸ ತಳದ ಮೇಲಿಟ್ಟೆ.

"ಗಟ್ಟಿ ಅದ ಏನು?" ಎಂದು ಕೇಳಿದಳು.

"ಗಟ್ಟಿ ಅದ."

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. "ಖರೇ ಹೇಳಾಕತ್ತೀ? ಇಲ್ಲಾ ನಾ ಸಾಲಿಗಿ ಹೋಗ್ಲಿ ಅಂತ ಹೇಳಾಕತ್ತೀ?"

ನಾನು ಚಪ್ಪಲಿ ಬಿಟ್ಟು, ಅವಳ ಪಾದಗಳ ಪಕ್ಕದಲ್ಲಿ ನನ್ನ ಕಾಲಿಟ್ಟು, ಮೈಭಾರವನ್ನೆಲ್ಲ ಹಾಕಿ ತುಳಿದು ತೋರಿಸಿದೆ.