ಮಗ್ಗಲಿನ ತಾಟು

ಇವತ್ತು ಮಾಡಿದ ಕೆಲಸ ಇಷ್ಟು. ಒಲೆ ಸಾರಿಸಿದೆ. ಎರಡು ಸೇರು ಜೋಳ ಹಸನು ಮಾಡಿ ಬೀಸಿದೆ. ರೊಟ್ಟಿ ಬಡಿದೆ. ಹರಿದ ಕೌದಿಯ ಒಂದು ಮೂಲೆ ಹೊಲಿದು ಇನ್ನೊಂದನ್ನು ನಾಳೆಗೆ ಬಿಟ್ಟೆ. ಹರಳುಪ್ಪು ಕುಟ್ಟಿ ಬಟ್ಟಲಿಗೆ ತುಂಬುತ್ತಿದ್ದಾಗ ಆಳಂದದ ಕಡೆಯಿಂದ ಒಬ್ಬ ಮನುಷ್ಯ ಬಂದು ಅಂಗಳದಲ್ಲಿ ನಿಂತ. ಅಕ್ಕನ ಒಡಹುಟ್ಟಿದ ತಂಗಿಗೆ ಬೇನೆ ಹೆಚ್ಚಾಗಿದೆಯಂತೆ. "ನೋಡೂದಿದ್ರ ಇವತ್ತೇ ಬರ್ರಿ ಅಂದಾರ್ರಿ" ಎಂದ.

ಅಕ್ಕ ಎಂದರೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಆಕೆ ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ನಾನು ಉಪ್ಪಿನ ಬಟ್ಟಲು ಹಿಡಿದುಕೊಂಡು ನಿಂತಲ್ಲೇ ನಿಂತೆ. ಈಗಲೇ ಹೇಳಲೋ, ಉಂಡ ಮೇಲೆ ಹೇಳಲೋ?

ಅದರಲ್ಲಿ ಯೋಚಿಸುವುದೇನಿದೆ ಎಂದು ನಿಮಗೆ ಅನ್ನಿಸಬಹುದು. ಇದೇ ಪ್ರಶ್ನೆ ಒಮ್ಮೆ ನಮ್ಮ ಮನೆಯನ್ನು ಎರಡು ಮಾಡುವುದರಲ್ಲಿತ್ತು.

ಹದಿನಾಲ್ಕು ವರ್ಷದ ಹಿಂದೆ ಮಣ್ಣೂರಿನಲ್ಲಿ ನನ್ನ ಅಪ್ಪ ತೀರಿಕೊಂಡ. ಸಾಲಿ ಮಾಸ್ತರನಾಗಿದ್ದವ, ಹೆಣ್ಣುಮಗಳಿಗೆ ಯಾಕೆ ಎಂದವರ ಮಾತು ಕೇಳದೆ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವ. ಈಗ ಇದನ್ನು ಬರೆಯುತ್ತಿರುವುದೂ ಆ ಕೈಯೇ. ಸುದ್ದಿ ತಂದವ ಮುಂಜಾನೆಯೇ ಬಂದಿದ್ದ. ಅಕ್ಕ ಅವನನ್ನು ಹೊರಗೆ ಕೂರಿಸಿ, ಒಳಗೆ ಬಂದು ನನಗೆ ಬಡಿಸಿದಳು. ನಾನು ಉಂಡು, ಕೂಸಿಗೆ ಹಾಲು ಕುಡಿಸಿ, ಕೂಸು ಮಲಗಿದ ಮೇಲೆ ಹೇಳಿದಳು. ನಮ್ಮ ಬಂಡಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಅಪ್ಪನ ಮುಖ ನನಗೆ ಸಿಗಲಿಲ್ಲ.

ಅಂದಿನಿಂದ ಹನ್ನೊಂದು ತಿಂಗಳು ನಾನು ಅಕ್ಕನೊಡನೆ ಮಾತಾಡಲಿಲ್ಲ. ಒಂದೇ ಒಲೆ, ಒಂದೇ ನೀರಿನ ಕೊಡ. ಹೇಳಲೇಬೇಕಾದ ಮಾತಿದ್ದರೆ ಆಕೆಗೆ ಕೇಳುವಂತೆ ಬೆಕ್ಕಿಗೆ ಹೇಳುತ್ತಿದ್ದೆ. ಮಾವ ಬೇಸತ್ತರು. "ಎರಡನೇ ಒಲಿ ಹಾಕಿಬಿಡೂಣು, ಬ್ಯಾರೆ ಆಗ್ರಿ" ಎಂದು ಅದಕ್ಕೆ ಬೇಕಾದ ಮಣ್ಣನ್ನೂ ಅಂಗಳದಲ್ಲಿ ತಂದು ಹಾಕಿಸಿದರು.

ಅಷ್ಟರಲ್ಲಿ ಕೊಳಕೂರಿನಾಚೆ, ಹೊಲಗಳ ನಡುವೆ ಇದ್ದ ಕ್ರಿಸ್ತುವರ ಧ್ಯಾನದ ಮನೆಯಿಂದ ಪಾದ್ರಿಯವರು ಹೇಳಿಕಳಿಸಿದರು. ಮಾವನ ಕಾಲಿನ ಹುಣ್ಣು ವಾಸಿ ಮಾಡಿದ್ದವರು ಅವರೇ. ಅಲ್ಲಿ ವರ್ಷಕ್ಕೊಮ್ಮೆ ಕ್ರಿಸ್ತುವ ಸನ್ಯಾಸಿನಿಯರು ದೂರದೂರದಿಂದ ಬಂದು ಐದು ದಿನ ಮಾತು ಬಿಟ್ಟು ಪ್ರಾರ್ಥನೆಯಲ್ಲಿರುತ್ತಿದ್ದರು. ಆ ವರ್ಷ ಅಡುಗೆಯವಳು ಬಾಣಂತನಕ್ಕೆ ಹೋಗಿದ್ದಳು. ರೊಟ್ಟಿಗೆ ಇಬ್ಬರು ಬೇಕಾಗಿದ್ದರು. ಮಾವ ಸೊಸೆಯರಿಬ್ಬರನ್ನೂ ಒಪ್ಪಿಸಿಬಿಟ್ಟರು.

"ಅಲ್ಲಿ ಇವ್ರು ಉಣ್ಣೂದು ಹ್ಯಾಂಗ್ರಿ?" ಎಂದು ಅತ್ತೆ ಕೇಳಿದರು.

"ಇವ್ರು ಮಾಡಿದ್ದು ಇವ್ರು ಉಣ್ತಾರ. ಮನ್ಯಾಗ ಮಾಡಾಕತ್ತಿದ್ದೂ ಅದನ್ನ ಅಲ್ಲೇನು?" ಎಂದು ಮಾವ ರುಮಾಲು ಸುತ್ತಿಕೊಂಡರು.

ಸುಣ್ಣ ಬಳಿದ ಉದ್ದನೆಯ ಕಲ್ಲಿನ ಮನೆ, ಮುಂದೆ ಬೇವಿನ ಗಿಡ, ಗಿಡಕ್ಕೆ ಕಟ್ಟಿದ ಗಂಟೆ. ಮೊದಲ ಸಂಜೆ ಅಲ್ಲಿಯ ಹಿರಿಯ ಅಮ್ಮನವರು ಅಡುಗೆಮನೆಗೆ ಬಂದರು. ಕಡಲ ಕಡೆಯವರು, ಆದರೆ ಇಲ್ಲಿದ್ದೂ ಇದ್ದೂ ನಮ್ಮ ಮಾತೇ ಆಡುತ್ತಿದ್ದರು. "ನಾಳಿಂದ ಮಾತಿಲ್ಲ, ಅಡಗಿ ಮನ್ಯಾಗೂ ಇಲ್ಲ. ಉಣ್ಣಾಗ ತಮಗ ಬೇಕಂತ ಯಾರೂ ಕೇಳಂಗಿಲ್ಲ, ಕೈ ಚಾಚಂಗಿಲ್ಲ. ಮಗ್ಗಲಿದ್ದವ್ರ ತಾಟು ನೋಡಿ ನೀವೇ ಕೊಡಬೇಕ್ರಿ" ಎಂದರು.

ಮೌನ ನಮಗೆ ಕಷ್ಟವಾಗಲಿಲ್ಲ. ಎರಡನೆಯ ದಿನ ಅಮ್ಮನವರು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನು ನೋಡಿ ಮೆಚ್ಚಿ ತಲೆದೂಗಿದರು. ಹನ್ನೊಂದು ತಿಂಗಳ ಅಭ್ಯಾಸ ಇದು ಎಂದು ಅವರಿಗೇನು ಗೊತ್ತು? ನಾನೂ ದೊಡ್ಡ ತಪಸ್ವಿನಿಯ ಹಾಗೆ ತಲೆ ಬಾಗಿಸಿದೆ.

ಅದೇ ಮಧ್ಯಾಹ್ನ ನಮಗೆಂದು ತೆಗೆದಿಟ್ಟ ಬೇಳೆಗೆ ಉಪ್ಪು ಹಾಕುವುದನ್ನು ಮರೆತಿದ್ದೆ. ಉಪ್ಪಿನ ಬಟ್ಟಲು ನನ್ನ ಮೊಣಕಾಲ ಬಳಿಯೇ ಇತ್ತು. ಅಕ್ಕ ಒಂದು ತುತ್ತು ಬಾಯಿಗಿಟ್ಟು ತಡೆದಳು, ಬಟ್ಟಲು ನೋಡಿದಳು, ಮತ್ತೆ ಉಣ್ಣತೊಡಗಿದಳು. ನಾನು ಕಂಡೆ. ಕಂಡೂ ಕೊಡಲಿಲ್ಲ. ಈ ಮಾತು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ; ನಿಮಗೆ ಹೇಳುತ್ತಿದ್ದೇನೆ.

ಮೂರನೆಯ ದಿನ ಹಿಟ್ಟು ಕಡಿಮೆ ಬಿದ್ದು ನಮ್ಮ ಪಾಲಿಗೆ ಒಂದೊಂದೇ ರೊಟ್ಟಿ ಉಳಿಯಿತು. ನನ್ನದು ಮುಗಿದದ್ದೇ ನನಗೆ ತಿಳಿದಿರಲಿಲ್ಲ. ತಾಟಿನಲ್ಲಿ ಬೆರಳಾಡಿಸುತ್ತಾ ಕೂತಿದ್ದೆ. ಅಕ್ಕ ತನ್ನ ರೊಟ್ಟಿಯನ್ನು ಮುರಿದು ಅರ್ಧ ನನ್ನ ತಾಟಿಗೆ ಹಾಕಿದಳು. ಮುಖ ನೋಡಲಿಲ್ಲ. ಅವಳ ಕಣ್ಣು ನನ್ನ ತಾಟಿನ ಮೇಲಿತ್ತು. ಆ ನೋಟ ನನಗೆ ಹೊಸದಲ್ಲ. ಅಪ್ಪ ಸತ್ತ ದಿನವೂ ಆಕೆ ಹೀಗೆಯೇ ಕುಕ್ಕರಗಾಲಿನಲ್ಲಿ ಕೂತು, ನಾನು ಕೈ ತೊಳೆಯುವವರೆಗೂ ನನ್ನ ತಾಟನ್ನೇ ನೋಡಿದ್ದಳು.

ಉಪ್ಪಿನ ಬಟ್ಟಲನ್ನು ಅವಳ ಕಡೆ ಸರಿಸಿದೆ. ಅಂದಿನ ಬೇಳೆಗೆ ಉಪ್ಪು ಸರಿಯಾಗಿಯೇ ಇತ್ತು. ಆದರೂ ಆಕೆ ಒಂದು ಚಿಟಿಕೆ ಹಾಕಿಕೊಂಡಳು.

ಐದನೆಯ ಸಂಜೆ ಗಂಟೆ ಹೊಡೆದು ಮೌನ ಮುಗಿಯಿತು. ಹೊರಗೆ ಸನ್ಯಾಸಿನಿಯರೆಲ್ಲ ಒಮ್ಮೆಲೇ ಮಾತಿಗಿಳಿದರು. ಒಳಗೆ ಅಕ್ಕ ಹಂಚು ತಿಕ್ಕುತ್ತಾ ಹೇಳಿದಳು:

"ಜ್ವರ ಬಿಟ್ಟು ಎರಡು ದಿನ ಆಗಿತ್ತು ನಿನಗ. ಕೂಸಿಗಿ ಹಾಲು ಸಾಲ್ತಿರಲಿಲ್ಲ. ಮೊದಲ ಹೇಳಿದ್ರ ತುತ್ತು ಇಳೀತಿತ್ತೇನು ಬೇ?"

"ಹೇಳಿದ್ರ ಅಪ್ಪನ ಮಾರಿ ಸಿಗ್ತಿತ್ತು ಯಕ್ಕಾ."

ಆಕೆ ಹಂಚು ಮಗುಚಿ ಇನ್ನೊಂದು ಬದಿ ತಿಕ್ಕಿದಳು. "ಅದೂ ಖರೇ ಅದ. ಆವಾಗೇ ಹೇಳಿ, ರೊಟ್ಟಿ ಕಟ್ಟಿ ಬಂಡ್ಯಾಗ ಇಡಬೇಕಿತ್ತು. ನನಗ ತಿಳೀಲಿಲ್ಲ." ಆಮೇಲೆ ಮೂಗೊರೆಸಿಕೊಂಡು, "ಪಾಪ, ಆ ಬೆಕ್ಕಿಗಿ ಇನ್ನ ಮ್ಯಾಲ ಕೆಲಸಿಲ್ಲ" ಎಂದಳು.

ಎರಡನೆಯ ಒಲೆಗೆ ತಂದ ಮಣ್ಣು ಎಮ್ಮೆಯ ಗೋದಲಿಯ ಗೋಡೆಗಾಯಿತು.

ಇವತ್ತು ಆ ಗೋದಲಿಯ ಬಳಿಗೇ ಹೋಗಿ ನಿಂತೆ. ಅಕ್ಕ ತಿರುಗಿ ನೋಡಿ, "ಉಪ್ಪು ಯಾಕ ಹಿಡ್ಕೊಂಡು ನಿಂತೀ ಬೇ?" ಎಂದಳು. "ನಿನ್ನ ತಂಗಿಗಿ ಬ್ಯಾನಿ ಭಾಳ ಆಗ್ಯಾದಂತ ಯಕ್ಕಾ. ಬಂಡಿ ಹೂಡಾಕ ಹೇಳೇನಿ. ರೊಟ್ಟಿ ನಾ ಕಟ್ತೇನಿ" ಎಂದೆ. ಆಕೆ ಕೊಡ ಕೆಳಗಿಟ್ಟಳು.

ಬಂಡಿಯಲ್ಲಿ ಆಕೆ ಹಸಿವೆ ಎನ್ನಲಿಲ್ಲ. ಹಳ್ಳ ದಾಟಿದ ಮೇಲೆ ನಾನೇ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಅವಳ ಅಂಗೈಗಿಟ್ಟೆ. ತಿಂದಳು; ತಿಂದು, ಒಂದು ಚೂರು ಮುರಿದು ನನಗೆ ಕೊಟ್ಟಳು. ದೀಪ ಹಚ್ಚುವ ಮುಂಚೆ ಮುಟ್ಟಿದೆವು. ತಂಗಿ ಕಣ್ಣು ಬಿಟ್ಟು, "ಬಂದೀ ಏನ ಯಕ್ಕಾ" ಎಂದಳು.

ಅವಳು ಉಂಡದ್ದು ನಾಲ್ಕು ಗುಟುಕು ಗಂಜಿ. ನಾವು ಉಂಡದ್ದು ಬಂಡಿಯಲ್ಲಿ ಉಳಿದ ರೊಟ್ಟಿ, ಒಂದು ಉಳ್ಳಾಗಡ್ಡಿ. ಮೊದಲು ತಂಗಿ ನಿದ್ದೆ ಹೋದಳು, ಅಕ್ಕನ ಬೆರಳು ಹಿಡಿದುಕೊಂಡು. ಬೆರಳು ಬಿಡಿಸಿಕೊಳ್ಳದೆ, ಕೂತಲ್ಲೇ ಗೋಡೆಗೊರಗಿ, ಆಮೇಲೆ ಅಕ್ಕ.