ನಾನು ಬಿಟ್ಟ ಹಗ್ಗದಂಗಡಿ

ಎರಡೂ ಕೈ ಚಾಚಿ ನಿಂತರೆ ಅವರ ಬೆರಳ ತುದಿಗಳು ಅಂಗಡಿಯ ಎರಡು ಗೋಡೆಗಳನ್ನೂ ಮುಟ್ಟುತ್ತಿದ್ದವು. ಅಂಗಡಿ ಅಷ್ಟು ಇಕ್ಕಟ್ಟು, ಕೈ ಅಷ್ಟು ಉದ್ದ. ತೆಂಗಿನ ನಾರು ಉಜ್ಜಿ ಉಜ್ಜಿ ಅಂಗೈಯ ಗೆರೆಗಳು ಮಾಸಿಹೋಗಿದ್ದವು. ಆ ಕೈಗಳಲ್ಲೇ ಹಗ್ಗವನ್ನು ಮಾರು ಹಾಕಿ ಅಳೆದು, ಕೊನೆಗೆ ಒಂದು ಗೇಣು ಹೆಚ್ಚು ಬಿಟ್ಟು ಕೊಯ್ಯುತ್ತಿದ್ದರು. ಯಾಕೆಂದು ಕೇಳಿದರೆ, "ಗಂಟಿಗೆ ಬೇಕಲ್ಲ" ಎನ್ನುವರು. ಕಾಸರಗೋಡಿನ ಹಳೆ ಬಸ್ ಸ್ಟ್ಯಾಂಡಿನ ಹಿಂದಿನ ಪೇಟೆಯಲ್ಲಿ ಎಲ್ಲರಿಗೂ ಅವರು ಹಗ್ಗದಣ್ಣ.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಚರಿತ್ರೆಯ ಮೇಷ್ಟ್ರು. ನಿವೃತ್ತನಾದ ಮೇಲೆ ಪೇಟೆಯ ಚರಿತ್ರೆ ಬರೆಯುತ್ತೇನೆಂದು ಹಳೆ ದಸ್ತಾವೇಜುಗಳ ಧೂಳು ಕುಡಿದು ಕೆಮ್ಮು ಹಚ್ಚಿಕೊಂಡವನು. ಹೊಗೆಸೊಪ್ಪಿನ ಮಂಡಿ ಯಾವ ಓಣಿಯಲ್ಲಿತ್ತು, ಈಗಿನ ಚಿನ್ನದಂಗಡಿಯ ಜಾಗದಲ್ಲಿ ಹಿಂದೆ ಎತ್ತಿನ ಗಾಡಿಗಳು ಎಷ್ಟು ನಿಲ್ಲುತ್ತಿದ್ದವು, ಎಲ್ಲ ನನಗೆ ಗೊತ್ತು. ಜನ ಮಾತ್ರ ಏನು ಕೇಳುವುದಿದ್ದರೂ ಹಗ್ಗದಣ್ಣನ ಹತ್ತಿರವೇ ಹೋಗುತ್ತಿದ್ದರು. ಮನೆಯಲ್ಲಿ ತುಳುವಿನವರಾದ ಅವರು ಅಂಗಡಿಯಲ್ಲಿ ಮಲಯಾಳಿಗಳೊಡನೆ ಮಲಯಾಳ, ಬ್ಯಾರಿಗಳೊಡನೆ ಬ್ಯಾರಿ ಮಾತಾಡುತ್ತಿದ್ದರು. ನಾನೋ ಎಲ್ಲರೊಡನೆಯೂ ಪಾಠದ ಕನ್ನಡ.

ಒಮ್ಮೆ ಕಾಲೇಜು ಮಕ್ಕಳಿಗೆ ಪೇಟೆ ತೋರಿಸಲು ನನ್ನನ್ನು ಕರೆದಿದ್ದರು. ನಾಲ್ಕು ಹಾಳೆ ಟಿಪ್ಪಣಿ ಹಿಡಿದು ಹೊರಟೆ. ಹಗ್ಗದಂಗಡಿಯ ಎದುರು ಬಂದಾಗ ಅವರು ಬಂದ್ಯೋಡಿನ ಹುಡುಗಿಯೊಬ್ಬಳನ್ನು ಕರೆದು ಮನೆ ಯಾವ ಬದಿಗೆ, ಅಜ್ಜ ಯಾರು ಎಂದು ವಿಚಾರಿಸಿದರು.

"ನಿಮ್ಮ ಬಾವಿಗೆ ಎಂಟು ಮಾರು ಹಗ್ಗ. ಬೇಸಗೆಯಲ್ಲಿ ಒಂಬತ್ತು," ಎಂದರು. "ನಿನ್ನ ಅಪ್ಪನ ತೊಟ್ಟಿಲಿನ ಹಗ್ಗವೂ ಇಲ್ಲಿಂದಲೇ ಹೋದದ್ದು ಮಗಾ."

ಹುಡುಗಿ ಅಲ್ಲಿಂದಲೇ ಮನೆಗೆ ಫೋನ್ ಮಾಡಿದಳು. ಅಜ್ಜಿ ಹೌದು ಎಂದರಂತೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮಕ್ಕಳೆಲ್ಲ ತಂತಮ್ಮ ಮನೆಯ ಬಾವಿ ಎಷ್ಟು ಆಳ ಎಂದು ಕೇಳಲು ಮುಗಿಬಿದ್ದರು. ನಾನು ಹಾಳೆಗಳನ್ನು ತಲೆಯ ಮೇಲೆ ಹಿಡಿದು ಬಿಸಿಲಲ್ಲಿ ನಿಂತಿದ್ದೆ.

ಪುಸ್ತಕದಲ್ಲಿ ನಾನು ಆ ಬೀದಿಯ ಅಂಗಡಿಗಳನ್ನೆಲ್ಲ ಸಾಲಾಗಿ ಬರೆದೆ, ಎಂದೋ ಮುಚ್ಚಿಹೋದವನ್ನೂ ಸೇರಿಸಿ. ಹಗ್ಗದಂಗಡಿಯೊಂದನ್ನು ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಕರಡು ತಿದ್ದುವಾಗ ಆ ಪುಟದಲ್ಲಿ ಎರಡು ಸಲ ಪೆನ್ನು ನಿಂತಿತು. ಎರಡು ಸಲವೂ ಪುಟ ಮಗುಚಿದೆ.

ಪುಸ್ತಕ ಬಂದ ವಾರಕ್ಕೆ ಹಗ್ಗದಣ್ಣ ಅದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಪ್ರೆಸ್ಸಿನವರ ತಪ್ಪು ಎಂದು ಹೇಳಲು ನನ್ನ ನಾಲಗೆ ತುದಿಯಲ್ಲಿ ಸುಳ್ಳು ಸಿದ್ಧವಾಗಿತ್ತು.

"ಲಾಯ್ಕ ಆಗಿದೆ ಮಾಸ್ಟ್ರೇ. ಒಂದು ಬಿಟ್ಟುಹೋಗಿದೆ ಅಷ್ಟೆ," ಎಂದರು. "ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಅಬ್ಬಲಿಗೆ ಹೂ ಮಾರುತ್ತಿದ್ದ ಅಕ್ಕ ಇಲ್ಲ ಇದರಲ್ಲಿ. ಅವರಿಗೆ ಅಂಗಡಿ ಇರಲಿಲ್ಲ, ಹಾಗೆ ಬಿಟ್ಟದ್ದಾ ಎಂತ? ಪಾಪ, ಇನ್ನೊಮ್ಮೆ ಅಚ್ಚು ಹಾಕುವಾಗ ಒಂದು ಗೆರೆ ಬರೆದುಬಿಡಿ."

ತಮ್ಮ ಅಂಗಡಿಯ ಸುದ್ದಿಯನ್ನೇ ಎತ್ತಲಿಲ್ಲ. ಚಹಾ ಕುಡಿದು, ನನ್ನ ಕೆಮ್ಮು ವಿಚಾರಿಸಿ ಹೋದರು. ನಾಲ್ಕು ಮಾತು ಬೈದಿದ್ದರೆ ನಾನು ಹಾಯಾಗಿ ಇರುತ್ತಿದ್ದೆ. ಅವರ ದೊಡ್ಡ ಮನಸ್ಸಿನ ಮೇಲೂ ನನಗೆ ಹೊಟ್ಟೆಕಿಚ್ಚೇ ಆಯಿತು.

ಅವರು ತೀರಿಕೊಂಡು ಈಗ ಆರು ವರ್ಷ. ಆ ದಿನ ಪೇಟೆ ಮಧ್ಯಾಹ್ನದವರೆಗೆ ಮುಚ್ಚಿತ್ತು. ಹೊಸದಾಗಿ ಬಂದ ಬೇಕರಿಯವರೂ ಶಟರ್ ಎಳೆದಿದ್ದರು. ನಾನು ಸತ್ತರೆ ಎಷ್ಟು ಶಟರ್ ಇಳಿದೀತು ಎಂದು ಅವರ ಶವದ ಎದುರು ನಿಂತು ಯೋಚಿಸಿದೆ. ನಾಚಿಕೆಯ ಮಾತು, ಆದರೆ ನಿಜ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಮೊನ್ನೆ ಬಾಯಾರು ಎಂಬ ಊರಿನ ಕಾಲೇಜು ಹುಡುಗಿಯೊಬ್ಬಳು ನನ್ನ ಪುಸ್ತಕ ಹಿಡಿದು ಮನೆಗೆ ಬಂದಳು. ಪೇಟೆಯ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಾಳಂತೆ. ಅಲ್ಲೊಂದು ಹಗ್ಗದಂಗಡಿ ಇತ್ತೆಂದು ಅವಳ ಅಜ್ಜ ಹಟ ಹಿಡಿದಿದ್ದಾರಂತೆ.

"ನಿಮ್ಮ ಪುಸ್ತಕದಲ್ಲಿ ಎಲ್ಲ ಹುಡುಕಿದೆ ಸರ್, ಇಲ್ಲ. ಅಜ್ಜನಿಗೆ ಸ್ವಲ್ಪ ಮರೆವು ಉಂಟು. ಇರಲಿಲ್ಲ ಅಂತಲೇ ಬರೆಯಲಾ?"

"ಇತ್ತು," ಎಂದೆ. "ನಾನೇ ಬಿಟ್ಟದ್ದು."

"ಯಾಕೆ ಸರ್?"

"ಹೊಟ್ಟೆಕಿಚ್ಚಿಗೆ."

ತಮಾಷೆ ಎಂದುಕೊಂಡು ಅವಳು ನಕ್ಕಳು. ಆಮೇಲೆ ನೋಟ್‌ಬುಕ್ ತೆರೆದು, ಆ ಅಂಗಡಿಯವರ ಬಗ್ಗೆ ಹೇಳಿ ಎಂದು ನನ್ನ ಮುಖ ನೋಡುತ್ತ ಕುಳಿತಳು. ಪೇಟೆಯ ವಿಷಯ ಕೇಳಲು ನನ್ನ ಮನೆ ಬಾಗಿಲಿಗೆ ಬಂದವಳು ಅವಳೊಬ್ಬಳೇ. ಬಂದು ಕೇಳಿದ್ದೂ ಅವರ ಬಗ್ಗೆಯೇ.