ಅಮ್ಮನ ಹೆಸರಿನಲ್ಲಿ ಐದು ಸಿಮ್

ಕಾಪು ಪೇಟೆಯ ರಸ್ತೆ ಬದಿಯಲ್ಲಿ ದೊಡ್ಡ ಕೊಡೆಯ ಕೆಳಗೆ ಕೂತು ಒಬ್ಬ ಸಿಮ್ ಮಾರುತ್ತಿದ್ದ. ಅಮ್ಮನ ಹಳೆಯ ಸಿಮ್ ಹಾಳಾಗಿತ್ತು. ಆಧಾರ್ ಕಾರ್ಡ್ ಕೊಟ್ಟೆವು. ಅಮ್ಮ ಹೆಬ್ಬೆರಳು ಒತ್ತಿದಳು.

"ಬರ್ತಾ ಇಲ್ಲ ಅಮ್ಮ, ಇನ್ನೊಮ್ಮೆ ಒತ್ತಿ" ಎಂದ. ಒತ್ತಿದಳು. ಮತ್ತೂ ಬರಲಿಲ್ಲವಂತೆ. ವರ್ಷಗಟ್ಟಲೆ ಮೀನು ಕೊಯ್ದು ಮಾರಿದ ಅಮ್ಮನ ಬೆರಳಿನ ಗೆರೆಗಳು ಸವೆದಿದ್ದವು. ರೇಷನ್ ಅಂಗಡಿಯಲ್ಲೂ ಇದೇ ಪಾಡು. ನನಗೆ ಸಂಶಯವೇ ಬರಲಿಲ್ಲ. "ಗಟ್ಟಿ ಒತ್ತು ಅಮ್ಮ, ಬಸ್ಸು ಹೋಗ್ತದೆ" ಎಂದು ಗದರಿದವಳು ನಾನೇ. ಐದಾರು ಸಲ ಒತ್ತಿದ ಮೇಲೆ ಹೊಸ ಸಿಮ್ ಕೈಗೆ ಬಂತು.

ಕೆಲವು ತಿಂಗಳ ಬಳಿಕ, ಒಂದು ಬೆಳಿಗ್ಗೆ, ಉದ್ಯಾವರದ ನಮ್ಮ ಮನೆಯೆದುರು ಜೀಪು ನಿಂತಿತು. ಬೇರೆ ರಾಜ್ಯದ ಪೊಲೀಸರು. ಅಮ್ಮನ ಹೆಸರಿನ ನಂಬರಿನಿಂದ ಯಾರೋ ವಂಚಕರು ಒಬ್ಬ ನಿವೃತ್ತ ಟೀಚರಿಗೆ ಫೋನು ಮಾಡಿ, ಹೆದರಿಸಿ, ಅವರ ಉಳಿತಾಯವನ್ನೆಲ್ಲ ದೋಚಿದ್ದರು.

ಮಾರ್ಕೆಟ್ಟಿಗೆ ಹೊರಟಿದ್ದ ಅಮ್ಮ ಬುಟ್ಟಿಯನ್ನು ಕೆಳಗಿಟ್ಟಳು. "ನಾನು ಎಂತ ಮಾಡಿದ್ದು ಮಗಾ? ನನಗೆ ಹಿಂದಿಯೇ ಬರುವುದಿಲ್ಲ, ಇವರಿಗೆ ಹೇಳು" ಎಂದು ನನ್ನ ಕೈ ಹಿಡಿದಳು.

ಅವರು ನೋಟಿಸು ಕೊಟ್ಟು ಹೋದ ಮರುದಿನ ಉಡುಪಿಯ ಸೈಬರ್ ಠಾಣೆಗೆ ಹೋದೆವು. ಅಲ್ಲಿಯ ಅಧಿಕಾರಿ ಕಂಪ್ಯೂಟರ್ ನೋಡಿ ಹೇಳಿದರು: "ನಿಮ್ಮ ಅಮ್ಮನ ಹೆಸರಲ್ಲಿ ಐದು ಸಿಮ್ ಉಂಟು. ಎಷ್ಟು ಸಲ ಬೆರಳು ಒತ್ತಿಸಿದ?"

"ಐದಾರು ಸಲ. ಕೊನೆಯ ಸಲದವರೆಗೂ ಬರಲೇ ಇಲ್ಲ ಸರ್."

"ಬಂದಿತ್ತು. ಪ್ರತಿ ಸಲ ಬಂದಾಗಲೂ ಒಂದೊಂದು ಸಿಮ್ ತೆಗೆದಿದ್ದಾನೆ."

ಅಮ್ಮ ಬಳಸುವ ಒಂದನ್ನು ಬಿಟ್ಟು ಉಳಿದ ನಾಲ್ಕು ನಂಬರನ್ನು ಬಂದ್ ಮಾಡಿಸಿದೆವು. ಬೇರೆ ಯಾರೂ ಬಳಸದ ಹಾಗೆ ಆಧಾರಿನ ಬೆರಳಚ್ಚನ್ನು ಲಾಕ್ ಮಾಡಿಸಿದೆವು. ಆದರೆ ಕೇಸಿನಲ್ಲಿ ಅಮ್ಮನ ಹೆಸರು ಹಾಗೆಯೇ ಇತ್ತು. ಕಾಪುವಿನಲ್ಲಿ ಕೊಡೆಯೂ ಇರಲಿಲ್ಲ, ಅವನೂ ಇರಲಿಲ್ಲ. ಅಮ್ಮ ಮಾರ್ಕೆಟ್ಟಿಗೆ ಹೋಗುವುದನ್ನು ಬಿಟ್ಟಳು. "ಮನೆಗೆ ಪೊಲೀಸರು ಬಂದಿದ್ದರಂತಲ್ವಾ?" ಎಂದು ಗಿರಾಕಿಗಳು ಕೇಳುತ್ತಿದ್ದರು. ಅನ್ನ ಮುಂದಿಟ್ಟರೆ ಸುಮ್ಮನೆ ಕಲಸುತ್ತ ಕೂರುತ್ತಿದ್ದಳು. ಒಂದು ದಿನ, "ನಾನು ಸತ್ತರೆ ಕೇಸು ಮುಗಿಯುತ್ತದಾ?" ಎಂದಳು. ಅಂದಿನಿಂದ ಅವಳನ್ನು ಒಂಟಿಯಾಗಿ ಬಿಡಲು ನನಗೆ ಧೈರ್ಯವಾಗಲಿಲ್ಲ. ಹೊಲಿಗೆ ಮಿಷನ್ನನ್ನು ಅವಳು ಮಲಗುವ ಕೋಣೆಗೇ ತಂದಿಟ್ಟುಕೊಂಡೆ.

ಕೊನೆಗೆ ಆ ಸಿಮ್ ಮಾರುವವನು ಕಾರ್ಕಳದಲ್ಲಿ ಸಿಕ್ಕಿಬಿದ್ದ. ಅಮ್ಮ ಇನ್ನು ಆರೋಪಿಯಲ್ಲ, ಸಾಕ್ಷಿ ಎಂದು ಅಧಿಕಾರಿ ಫೋನಿನಲ್ಲಿ ತಿಳಿಸಿದರು. ಓಡಿಹೋಗಿ ಅವಳಿಗೆ ಹೇಳಿದೆ.

"ಆ ಟೀಚರಿಗೆ ಹಣ ಸಿಕ್ಕಿತಾ?" ಎಂದು ಕೇಳಿದಳು.

"ಇಲ್ಲವಂತೆ ಅಮ್ಮ."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆ ದಿನವೂ ಊಟ ಮಾಡಲಿಲ್ಲ.